ಡಬ್ಬಿ ಖಾಲಿ ಕಳಿಸಬಾರದು

ನನ್ನ ಮೊಮ್ಮಗಳು ಶ್ರಾವ್ಯ ತನ್ನ ಇಯರ್‌ಫೋನು ಇಟ್ಟುಕೊಳ್ಳುವುದಕ್ಕೆ ಅಡುಗೆಮನೆಯಿಂದ ಒಂದು ಸ್ಟೀಲಿನ ಡಬ್ಬಿ ಎತ್ತಿಕೊಂಡು ಹೋಗಿದ್ದಾಳೆ. ಅಂಗೈಯೊಳಗೆ ಕೂರುವಷ್ಟು ಚಿಕ್ಕದು, ದುಂಡಗಿನದು, ಮುಚ್ಚಳ ಒತ್ತಿದರೆ ಟಕ್ಕೆಂದು ಕೂರುತ್ತದೆ. ಒಂದು ಬದಿ ನೆಗ್ಗಿದೆ. ಮುಚ್ಚಳದ ಮೇಲೆ ಚುಕ್ಕೆ ಚುಕ್ಕೆಯಾಗಿ ನನ್ನ ಅಂಗಡಿಯ ಹೆಸರು ಕೊರೆದಿತ್ತು. ಈಗ ಅದು ಬೆರಳಿಗೆ ಗೊತ್ತಾಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅವಳಿಗೆ ಅದು ಬರೀ ಡಬ್ಬಿ. ನನಗೆ ಅದು ಹಳೆಯ ಕಳ್ಳ. ಒಂದು ಕಾಲದಲ್ಲಿ ಕಾಪು, ಉಡುಪಿ, ಕಾರ್ಕಳಗಳ ನಡುವೆ ಬಸ್ಸಿನಲ್ಲಿ ತಿರುಗಾಡಿ, ಮೀಸೆ ಬಂದ ಗಂಡಸರ ಕೈಯಿಂದ ಕೆಲಸ ಬಿಡಿಸಿದ ಕಳ್ಳ.

ಮೊನ್ನೆ ಊಟಕ್ಕೆ ಕರೆದರೆ ಶ್ರಾವ್ಯ ಬರಲಿಲ್ಲ. ಅನ್ನ ಆರಿತು, ಸಾರು ಆರಿತು, ಅವಳಮ್ಮನ ತಲೆ ಮಾತ್ರ ಬಿಸಿಯಾಯಿತು. ನಾನು ಕೋಣೆಗೆ ಹೋಗಿ ನೋಡಿದರೆ ಹುಡುಗಿ ಮೊಬೈಲು ಹಿಡಿದು ಯಾವುದೋ ಕೋಟೆ ಕಾಯುತ್ತಿದ್ದಾಳೆ. ಅವಳ ಗುಂಪಿನಲ್ಲಿ ಹೆಬ್ರಿಯ ಒಬ್ಬಳು, ನಿಟ್ಟೆಯ ಹಾಸ್ಟೆಲಿನ ಒಬ್ಬ, ಮತ್ತಿಬ್ಬರು ಎಲ್ಲಿಯವರೋ ಅವಳಿಗೂ ಗೊತ್ತಿಲ್ಲ. ಊಟಕ್ಕೆ ಏಳು ಎಂದೆ. ಅವಳು ತಲೆ ಎತ್ತದೆ, "ಈಗ ಎದ್ದರೆ ಆಗುವುದಿಲ್ಲ ಅಜ್ಜ. ಅವರೆಲ್ಲ ನನಗೆ ಕಾಯ್ತಾ ಇದ್ದಾರೆ ಅಲ್ವಾ?" ಎಂದಳು.

ಸೊಸೆ ಮೊಬೈಲು ಕಿತ್ತುಕೊಳ್ಳುವುದಕ್ಕೆ ಬಂದಳು. ನಾನು ತಡೆದೆ. ಮಕ್ಕಳ ಪರ ವಹಿಸುವ ಅಜ್ಜ ಎಂದು ನೀವು ತಿಳಿಯಬಾರದು. ನಾನು ವ್ಯಾಪಾರಿ, ಸುಮ್ಮನೆ ಯಾರ ಪರವೂ ವಹಿಸುವವನಲ್ಲ. ಆದರೆ ಆ ಮಾತನ್ನು, ಅದೇ ಸ್ವರದಲ್ಲಿ, ನಲವತ್ತು ವರ್ಷಕ್ಕಿಂತ ಹಿಂದೆ ಕಾಪುವಿನ ಒಬ್ಬ ದರ್ಜಿಯ ಬಾಯಲ್ಲಿ ಕೇಳಿದ್ದೆ. ಆ ದರ್ಜಿ ನನ್ನ ತಂಗಿ ಜಲಜಳ ಗಂಡ, ವಾಸು ಭಾವ.

ಅದನ್ನು ಹೇಳುವ ಮೊದಲು ನನ್ನ ಅಂಗಡಿಯ ವಿಷಯ ಸ್ವಲ್ಪ ಹೇಳಬೇಕು. ಉಡುಪಿಯ ಬಸ್‌ಸ್ಟ್ಯಾಂಡಿನ ಎದುರು, ಒಂದು ಬಾಗಿಲಿನ ಪಾತ್ರೆ ಅಂಗಡಿ. ಎಪ್ಪತ್ತರ ದಶಕದಲ್ಲಿ ಮನೆಮನೆಯ ತಾಮ್ರ, ಹಿತ್ತಾಳೆಗಳು ಅಟ್ಟ ಹತ್ತಿ, ಸ್ಟೀಲು ಅಡುಗೆಮನೆಗೆ ಇಳಿಯುತ್ತಿದ್ದ ಕಾಲ ಅದು. ತಲೆಯ ಮೇಲೆ ಬುಟ್ಟಿ ಹೊತ್ತು ಮನೆಯಿಂದ ಮನೆಗೆ ಹೋಗಿ ಹಳೆ ಪಾತ್ರೆಗೆ ಹೊಸ ಪಾತ್ರೆ ಕೊಡುವುದರಿಂದ ಶುರುಮಾಡಿ ಅಂಗಡಿಗೆ ಬಂದವನು ನಾನು. ಚೌಕಾಸಿ ನನಗೆ ಯಾರೂ ಕಲಿಸಿದ್ದಲ್ಲ. ಹೆಂಗಸರ ಎದುರು ಸೋತು ಸೋತು ಬಂದದ್ದು. ನಿಮಗೂ ಒಂದು ಉಪಯೋಗಕ್ಕೆ ಹೇಳುತ್ತೇನೆ: ಪಾತ್ರೆ ಕೊಳ್ಳುವಾಗ ಹೊಳಪು ನೋಡಬೇಡಿ, ಬುಡ ನೋಡಿ. ಅಂಗಡಿಯವನು ಒಂದು ಬೆಲೆ ಹೇಳಿದ ಕೂಡಲೇ ನೀವು ಇನ್ನೊಂದು ಬೆಲೆ ಹೇಳಬೇಡಿ, ಕುಡಿಯುವುದಕ್ಕೆ ನೀರು ಕೇಳಿ. ನೀರು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಅವನೇ ಸ್ವಲ್ಪ ಇಳಿದಿರುತ್ತಾನೆ. ಇದನ್ನು ನಾನು ಗಿರಾಕಿಗಳಿಗೆ ಹೇಳುತ್ತಿರಲಿಲ್ಲ, ಈಗ ಅಂಗಡಿ ಮಗನದು, ಹೇಳಬಹುದು.

ಪಾತ್ರೆಯ ಇನ್ನೊಂದು ವಿಷಯ ಉಂಟು. ಅದು ವ್ಯಾಪಾರದ್ದಲ್ಲ, ಮರ್ಯಾದೆಯದ್ದು. ಪಕ್ಕದ ಮನೆಯವರು ಲೋಟದಲ್ಲಿ ಪಾಯಸ ಕಳಿಸಿದರೆ, ತೊಳೆದು ಖಾಲಿ ಲೋಟ ಹಿಂದೆ ಕಳಿಸುವ ಕ್ರಮ ನಮ್ಮ ಕಡೆ ಇಲ್ಲ. ಏನೂ ಇಲ್ಲದಿದ್ದರೆ ಒಂದು ಮುಷ್ಟಿ ಸಕ್ಕರೆ, ಹಿತ್ತಲಿನ ಎರಡು ಹಸಿಮೆಣಸು, ನಾಲ್ಕು ಮಲ್ಲಿಗೆ ಮೊಗ್ಗು. ನನ್ನ ಅಮ್ಮ ಒಮ್ಮೆ ಏನೂ ಸಿಗದೆ ಒಂದು ಬೆಂಕಿಪೊಟ್ಟಣ ಹಾಕಿ ಕಳಿಸಿದ್ದಳು. ಅದನ್ನು ಬಿಚ್ಚಿ ನೋಡಿದ ಪಕ್ಕದ ಮನೆಯವರು, ಯಾವ ಅರ್ಥ ಮಾಡಬೇಕು ಎಂದು ಎರಡು ದಿನ ಮಾತನಾಡಲಿಲ್ಲ. ಖಾಲಿ ಪಾತ್ರೆ ಹಿಂದಿರುಗಿದರೆ ಸಂಬಂಧ ಮುಗಿಯಿತು ಎಂದು ಲೆಕ್ಕ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವಾಸು ಭಾವನ ಅಂಗಡಿ ಕಾಪುವಿನಲ್ಲಿ, ಹೆದ್ದಾರಿಯ ಬದಿಯಲ್ಲೇ, ಬಸ್ಸು ನಿಲ್ಲುವಲ್ಲಿ. ಕೈ ಚೊಕ್ಕ, ಮಾತು ಕಡಿಮೆ. ಅವನು ಹೊಲಿದ ಕಾಲರು ನಾಲ್ಕು ವರ್ಷ ಬಗ್ಗುತ್ತಿರಲಿಲ್ಲ. ಸರಕಾರಿ ಗುಮಾಸ್ತ ರಾಯರು ಎಂಬೊಬ್ಬರು ಅಲ್ಲಿ ಬಾಡಿಗೆಗೆ ಇದ್ದರು, ಸಂಜೆ ಬಂದು ಭಾವನಿಗೆ ಚೆಸ್ ಕಲಿಸಿದರು. ಕಲಿತ ಮೇಲೆ ದಿನಾ ಒಂದು ಆಟ. ಹೀಗಿರುವಾಗ ರಾಯರಿಗೆ ಕಾರ್ಕಳಕ್ಕೆ ವರ್ಗವಾಯಿತು. ಹೊರಡುವ ದಿನ ಆಟ ಅರ್ಧದಲ್ಲಿತ್ತು. ರಾಯರು ಭಾವನ ಬೋರ್ಡಿನ, ತಮ್ಮ ಬೋರ್ಡಿನ ಮನೆಗಳಿಗೆಲ್ಲ ಒಂದರಿಂದ ಅರವತ್ತನಾಲ್ಕರವರೆಗೆ ಪೆನ್ಸಿಲಿನಲ್ಲಿ ನಂಬರು ಹಾಕಿದರು. ಯಾವ ಕಾಯಿ ಎಲ್ಲಿಂದ ಎಲ್ಲಿಗೆ ಎಂದು ಬರೆದು ಬಸ್ಸಿನಲ್ಲಿ ಕಳಿಸುತ್ತೇನೆ, ನೀವೂ ಕಳಿಸಿ ಎಂದು ಹೇಳಿ ಹೋದರು.

ನಮ್ಮ ಕಡೆಯ ಖಾಸಗಿ ಬಸ್ಸುಗಳು ಆಗ ಏನನ್ನು ತಾನೇ ಸಾಗಿಸುತ್ತಿರಲಿಲ್ಲ? ಬಾಳೆನಾರಿನಲ್ಲಿ ಕಟ್ಟಿದ ಮಲ್ಲಿಗೆ, ಬುತ್ತಿ, ಕಷಾಯ, ಮಗಳ ಮನೆಗೆ ಉಪ್ಪಿನಕಾಯಿ, ಜಗಳ ಮಾಡಿ ತವರಿಗೆ ಬಂದವಳಿಗೆ ಗಂಡನ ಕಡೆಯಿಂದ ಒಂದು ಸೀರೆ. ಕಂಡಕ್ಟರಿಗೆ ಹೇಳಿದರೆ ಮುಗಿಯಿತು, ವಿಳಾಸ ಬೇಡ. ಆದರೆ ಕಾಪುವಿನಿಂದ ಬಂದ ಬಸ್ಸು ಉಡುಪಿಯಲ್ಲಿ ನಿಲ್ಲುತ್ತದೆ, ಕಾರ್ಕಳಕ್ಕೆ ಬೇರೆ ಬಸ್ಸು. ನಡುವೆ ಚೀಟಿ ಯಾರ ಹತ್ತಿರ ಇರಬೇಕು? ಬಸ್‌ಸ್ಟ್ಯಾಂಡಿನ ಎದುರು ಭಾವನಿಗೆ ಭಾವನಾದ ನನ್ನ ಅಂಗಡಿ ಇರುವಾಗ ಬೇರೆಯವರನ್ನು ಹುಡುಕುವುದು ಯಾಕೆ? ಹೀಗೆ ನಾನು ಮಧ್ಯದ ಮನುಷ್ಯನಾದೆ. ಕಾಪು ಕಡೆಯ ಕಂಡಕ್ಟರ್ ಚೀಟಿ ತಂದುಕೊಡುವುದು, ಕಾರ್ಕಳ ಲೈನಿನ ಕಂಡಕ್ಟರ್ ಹೆನ್ರಿ ಅದನ್ನು ಒಯ್ಯುವುದು. ಅಲ್ಲಿಂದ ಬಂದದ್ದು ಹೀಗೆಯೇ ತಿರುಗಿ ಹೋಗುವುದು. ಒಂದು ಆಟ ಮುಗಿದರೆ ಇನ್ನೊಂದು.

ಮೊದಲು ಚೀಟಿ ಎಂದರೆ ಹರಿದ ಟಿಕೆಟಿನ ಹಿಂಬದಿ. "ಹನ್ನೆರಡರ ಕುದುರೆ ಇಪ್ಪತ್ತೊಂಬತ್ತಕ್ಕೆ." ಮಳೆಗೆ ಒದ್ದೆಯಾಗುತ್ತಿತ್ತು, ಹೆನ್ರಿಯ ಜೇಬಿನ ಬೆವರಿಗೆ ಮುದ್ದೆಯಾಗುತ್ತಿತ್ತು. ನನಗೆ ಒಂದು ಬುದ್ಧಿ ಹೊಳೆಯಿತು. ಅಂಗಡಿಯ ಹೆಸರು ಕೊರೆಸಿದ ಒಂದು ಚಿಕ್ಕ ಡಬ್ಬಿ ಕೊಟ್ಟೆ. ಚೀಟಿ ಅದರೊಳಗೆ ಹೋಗಲಿ, ಮೂರು ಊರಿನಲ್ಲಿ ನನ್ನ ಅಂಗಡಿಯ ಹೆಸರೂ ತಿರುಗಲಿ ಎಂದು. ಡಬ್ಬಿ ಡ್ರೈವರಿನ ಪಕ್ಕದ ದೇವರ ಪಟದ ಕೆಳಗೆ, ಮಲ್ಲಿಗೆಯ ಜೊತೆಗೆ ಕುಳಿತು ಪ್ರಯಾಣ ಮಾಡುತ್ತಿತ್ತು. ಪುಕ್ಕಟೆ ಜಾಹೀರಾತು ಎಂದು ನಾನು ಬೀಗಿದೆ.

ಡಬ್ಬಿ ಕೊಟ್ಟ ಮೇಲೆ ಆಟದ ವೇಗ ಬದಲಾಯಿತು. ಚೀಟಿ ಬರೀ ಚೀಟಿಯಾಗಿದ್ದಾಗ ಇವತ್ತು ಬಂದರೆ ನಾಳೆಯೋ ನಾಡಿದ್ದೋ ಉತ್ತರ ಹೋಗುತ್ತಿತ್ತು. ಡಬ್ಬಿ ಹಾಗಲ್ಲ. ಡಬ್ಬಿ ಬಂದರೆ ಅದು ತಿರುಗಿ ಹೋಗಬೇಕು, ಹೋಗುವಾಗ ಖಾಲಿ ಹೋಗಬಾರದು. ಬಂದ ಬಸ್ಸು ಮುಂದಿನ ನಿಲ್ದಾಣಕ್ಕೆ ಹೋಗಿ ತಿರುಗಿ ಬರುವಷ್ಟರಲ್ಲಿ ಉತ್ತರ ತಯಾರಿರಬೇಕು. ಇದನ್ನು ಯಾರೂ ಕಾನೂನು ಮಾಡಲಿಲ್ಲ. ನಮ್ಮ ಅಮ್ಮಂದಿರು ಲೋಟದಲ್ಲಿ ಸಕ್ಕರೆ ಹಾಕಿ ಮಾಡಿಟ್ಟ ಕಾನೂನು ಅದು.

ಇನ್ನು ನನ್ನ ವಿಷಯ. ಕೈಯಲ್ಲಿ ಹಾದುಹೋಗುವ ಮಾಲನ್ನು ಬಿಚ್ಚಿ ನೋಡದೆ ಕಳಿಸುವ ವ್ಯಾಪಾರಿ ಇರಲಿಕ್ಕಿಲ್ಲ. ತಪ್ಪು ನಂಬರು ಬರೆದಿದ್ದರೆ ಗೊತ್ತಾಗಬೇಕಲ್ಲ ಎಂಬ ನೆವ ಮಾಡಿ, ಗಲ್ಲಾಪೆಟ್ಟಿಗೆಯ ಹಿಂದೆ, ಗಿರಾಕಿಗಳಿಗೆ ಕಾಣದ ಹಾಗೆ ನಾನೂ ಒಂದು ಬೋರ್ಡು ಇಟ್ಟೆ. ಒಂದು ಬೆಳಿಗ್ಗೆ ಹೆಬ್ರಿ ಕಡೆಯಿಂದ ಮದುವೆಯ ಪಾತ್ರೆಗೆ ಒಂದು ಕುಟುಂಬ ಬಂತು. ಹಿರಿಯ ಹೆಂಗಸು ನಾನು ಹೇಳಿದ್ದರ ಅರ್ಧ ಬೆಲೆಗೆ ಕೇಳಿದರು. ನನ್ನ ಕಣ್ಣು ಭಾವನ ಆನೆಯ ಮೇಲಿತ್ತು, ಆಗಬಹುದು ಎಂದುಬಿಟ್ಟೆ. ಆಕೆ ಪಾತ್ರೆಯನ್ನು ಕೆಳಗಿಟ್ಟು ಸೊಸೆಯ ಮುಖ ನೋಡಿದರು. ಇಷ್ಟು ಬೇಗ ಒಪ್ಪಿದ ಅಂಗಡಿಯವನ ಮಾಲಿನಲ್ಲಿ ಏನೋ ದೋಷ ಇರಲೇಬೇಕು ಎಂದು ಎಲ್ಲರೂ ಎದ್ದು ಹೋದರು. ನಾನು ಅವತ್ತು ಚೌಕಾಸಿ ಮಾಡಿದ್ದರೆ ಅವರು ನೋಡಿದ್ದ ಮೂರು ಕೊಡಪಾನವೂ ಮಾರಿಹೋಗುತ್ತಿತ್ತು.

ಮಣಿಪಾಲದ ಕೆಲವರು ನಮ್ಮ ಆಟದ ಸುದ್ದಿ ಕೇಳಿ ತಾವೂ ಶುರುಮಾಡಿದರು. ಅವರ ಆಫೀಸುಗಳಲ್ಲಿ ಫೋನು ಇತ್ತು, ಹಾಗಾಗಿ ಒಂದು ಆಫೀಸಿನಿಂದ ಇನ್ನೊಂದಕ್ಕೆ ಫೋನಿನಲ್ಲೇ ಆಡುವುದು. ಅದು ಬಹಳ ದಿನ ನಡೆಯಲಿಲ್ಲ. ಯಾಕೆ ಎಂದು ನಾನು ಆಗಲೇ ಯೋಚಿಸಬೇಕಿತ್ತು. ಫೋನಿನಲ್ಲಿ ಮನುಷ್ಯನ ಸ್ವರ ಇರುತ್ತದೆ. ಕೆಲಸ ಉಂಟು, ನಾಳೆ ನೋಡುವ ಎಂದರೆ ಆಚೆಯವನು ಆಯಿತು ಎನ್ನುತ್ತಾನೆ. ನಮ್ಮ ಡಬ್ಬಿಗೆ ಕಿವಿ ಇರಲಿಲ್ಲ. ಅದಕ್ಕೆ ಏನು ಹೇಳಿದರೂ ಸುಮ್ಮನೆ ಬಾಯಿ ತೆರೆದು ಕೂರುತ್ತಿತ್ತು.

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಒಂದು ಚೆನ್ನೆಮಣೆ ಇತ್ತು, ಗುಳಿಗಳಲ್ಲಿ ಕೆಂಪು ಬೀಜ ಹಾಕಿ ಆಡುವ ಮರದ ಹಲಗೆ. ಆಟಿ ತಿಂಗಳ ಮಳೆಯಲ್ಲಿ ಹೊರಗೆ ಕೆಲಸ ಇಲ್ಲದಾಗ ಅಮ್ಮ ಅದನ್ನು ಇಳಿಸುತ್ತಿದ್ದಳು. ಜಲಜ ನನ್ನನ್ನು ಸೋಲಿಸುತ್ತಿದ್ದಳು, ನಾನು ಬೀಜ ಬಚ್ಚಿಡುತ್ತಿದ್ದೆ, ಅವಳು ನನ್ನ ಕೂದಲು ಹಿಡಿಯುತ್ತಿದ್ದಳು. ಆಟಿ ಮುಗಿದ ದಿನ ಯಾರು ಗೆಲ್ಲುವಂತಿದ್ದರೂ ಅಮ್ಮ ಬೀಜಗಳನ್ನೆಲ್ಲ ಒಂದು ತೆಂಗಿನ ಚಿಪ್ಪಿಗೆ ಸುರಿದು, ಮಣೆಯನ್ನು ಅಟ್ಟಕ್ಕೆ ಹಾಕುತ್ತಿದ್ದಳು. ಅತ್ತರೂ ಇಳಿಯುತ್ತಿರಲಿಲ್ಲ. ಆಟ ಕೆಟ್ಟದ್ದು ಎಂದು ಅವಳು ಒಮ್ಮೆಯೂ ಹೇಳಿದ್ದಿಲ್ಲ. ಆಟಕ್ಕೊಂದು ತಿಂಗಳು, ಅಷ್ಟೆ. ಬಸ್ಸಿನ ಚೆಸ್ಸಿಗೆ ತಿಂಗಳು ಗೊತ್ತುಮಾಡುವ ಅಮ್ಮ ಯಾರೂ ಇರಲಿಲ್ಲ.

ಭಾವ ಅಂಗಡಿಗೆ ಬಂದಾಗಲೆಲ್ಲ ರಾಯರ ವಿಷಯವೇ ಮಾತನಾಡುತ್ತಿದ್ದ. ಕಣ್ಣಿಗೆ ಕಾಣದ ಮನುಷ್ಯನನ್ನು ಆಟದಿಂದಲೇ ಓದಿಬಿಟ್ಟಿದ್ದ. ರಾಯರು ಬೆಳಿಗ್ಗೆ ಸಿಟ್ಟಿನಲ್ಲಿರುತ್ತಾರಂತೆ, ಎದುರಿಗೆ ಬಂದದ್ದನ್ನೆಲ್ಲ ಕಡಿಯುತ್ತಾರಂತೆ. ಮಧ್ಯಾಹ್ನ ತಣ್ಣಗಾಗಿ ಒಂದೊಂದು ಕಾಲಾಳನ್ನೇ ಮುಂದೆ ತಳ್ಳುತ್ತಾರಂತೆ. ಸಂಜೆ ಹೊತ್ತಿಗೆ ಮಹಾ ಕುತಂತ್ರಿಯಾಗುತ್ತಾರಂತೆ. ಅಂಥ ಮನುಷ್ಯ ಒಂದು ಬಸ್ಸನ್ನೂ ತಪ್ಪಿಸದೆ ಉತ್ತರ ಕಳಿಸುತ್ತಿರುವಾಗ, ತಾನು ಹೊಲಿಗೆ ಎಂದು ಕೂರುವುದು ಹೇಗೆ ಎಂದು ನನ್ನನ್ನೇ ಕೇಳುತ್ತಿದ್ದ.

ಮೇ ತಿಂಗಳ ಶುರುವಿನಲ್ಲಿ ಜಲಜ ನನ್ನ ಅಂಗಡಿಗೆ ಬಂದಳು. ಸುಮ್ಮನೆ ಬರುವವಳಲ್ಲ. ಸ್ಟೂಲಿನ ಮೇಲೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳ ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಗುರುತುಗಳು. ಗುಂಡಿ, ಕಾಜಗಳ ಕೆಲಸವೆಲ್ಲ ಅವಳದೇ.

ವಿಷಯ ಏನೆಂದರೆ, ಊರಿನ ಒಂದು ಶಾಲೆಯ ಸಮವಸ್ತ್ರ ಹೊಲಿಯುವುದು ಪ್ರತಿವರ್ಷ ಭಾವನಿಗೇ ಸಿಗುತ್ತಿತ್ತು. ಅವರ ಮನೆ ವರ್ಷವಿಡೀ ನಡೆಯುತ್ತಿದ್ದದ್ದು ಅದರಿಂದ. ಈ ಸಲ ಉಡುಪಿಯ ಯಾವುದೋ ಅಂಗಡಿಯವರು ಸಿದ್ಧ ಉಡುಪು ತಂದುಕೊಡುತ್ತೇವೆ ಎಂದು ಬಂದು ಹೋಗಿದ್ದರು. ಹೆಡ್‌ಮಾಸ್ತರರು ಹಳೆಯ ಪರಿಚಯಕ್ಕೆ ಭಾವನಿಗೇ ಕೊಟ್ಟಿದ್ದರು, ಆದರೆ ಶಾಲೆ ತೆರೆಯುವ ದಿನ ಎಲ್ಲ ಮಕ್ಕಳ ಮೈಮೇಲೆ ಬಟ್ಟೆ ಇರಬೇಕು, ಇಲ್ಲದಿದ್ದರೆ ಮುಂದೆ ನನ್ನನ್ನು ಕೇಳಬೇಡಿ ಎಂದಿದ್ದರು. ನೀಲಿ ಬಟ್ಟೆಯ ಥಾನುಗಳು ಬಂದು ಗೋಡೆಗೆ ಒರಗಿ ನಿಂತಿದ್ದವು. ಬಟ್ಟೆ ಹರಡಿ ಕತ್ತರಿಸುವ ಮೇಜು ಒಂದೇ. ಅದರ ಮೇಲೆ ಬೋರ್ಡು.

"ಬೋರ್ಡು ತೆಗೆದರೆ ಕಾಯಿ ಅಲುಗುತ್ತದಂತೆ ಅಣ್ಣ," ಎಂದಳು. "ಒಂದು ಅಂಗಿಯೂ ಕತ್ತರಿಸಿಲ್ಲ. ಬಸ್ಸಿನ ಹಾರ್ನ್ ಕೇಳಿದರೆ ಮೆಷಿನ್ನಿನಿಂದ ಎದ್ದು ಓಡುತ್ತಾರೆ. ಮಗು ಅತ್ತರೆ ಕೇಳುವುದಿಲ್ಲ."

"ನೀನು ಹೇಳಬೇಕಿತ್ತು."

"ಹೇಳದೆ ಉಂಟಾ? ರಾಯರು ಕಾಯುತ್ತಿದ್ದಾರೆ ಅನ್ನುತ್ತಾರೆ. ನಾನು, ಹೆಡ್‌ಮಾಸ್ತರರು, ಊರಿನ ಮಕ್ಕಳು ಎಲ್ಲ ಕಾಯುವುದು ಕಾಯುವುದಲ್ಲ." ಗಲ್ಲಾಪೆಟ್ಟಿಗೆಯ ಹಿಂದಿನ ನನ್ನ ಬೋರ್ಡು ಅವಳ ಕಣ್ಣಿಗೆ ಬಿತ್ತು. ಎದ್ದು ಹೊರಡುವಾಗ, "ಡಬ್ಬಿ ನಿನ್ನ ಕೈಯಿಂದಲೇ ಹೋಗುವುದಲ್ವಾ?" ಎಂದಳು ಅಷ್ಟೆ.

ಅವತ್ತು ಕಾರ್ಕಳದಿಂದ ಬಂದ ಡಬ್ಬಿಯನ್ನು ನಾನು ಮೇಲಿನ ಹಲಗೆಯಲ್ಲಿ, ಇಡ್ಲಿ ಬೇಯಿಸುವ ಪಾತ್ರೆಗಳ ಹಿಂದೆ ಇಟ್ಟೆ. ಬೇರು ಕಡಿದರೆ ಗಿಡ ಒಣಗುತ್ತದೆ ಎಂಬ ಸರಳ ಲೆಕ್ಕ. ಮಕ್ಕಳ ಮೊಬೈಲು ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕುವ ತಂದೆತಾಯಿಗಳ ಲೆಕ್ಕವೂ ಇದೇ. ಅವರಿಗಾಗಿ ಮುಂದೆ ಏನಾಯಿತು ಹೇಳುತ್ತೇನೆ.

ಮಧ್ಯಾಹ್ನದ ಬಸ್ಸಿನಲ್ಲಿ ಭಾವ ಸ್ವತಃ ಬಂದಿಳಿದ. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಕಾಪುವಿನಲ್ಲಿದ್ದಿದ್ದರೆ ಎರಡು ಬಸ್ಸುಗಳ ನಡುವೆ ಒಂದು ಕಾಲರಾದರೂ ಹೊಲಿಯುತ್ತಿದ್ದ. ಈಗ ನನ್ನ ಸ್ಟೂಲಿನ ಮೇಲೆ ಕುಳಿತು ಕಾರ್ಕಳದ ಬಸ್ಸುಗಳನ್ನು ಒಂದೊಂದಾಗಿ ನೋಡತೊಡಗಿದ. ರಾಯರಿಗೆ ಹುಷಾರಿಲ್ಲವೋ ಏನೋ ಎಂದು ಒಮ್ಮೆ, ತನ್ನ ಮೇಲೆ ಬೇಸರವಾಯಿತೋ ಏನೋ ಎಂದು ಒಮ್ಮೆ. ಚಹಾ ತರಿಸಿದೆ, ಕುಡಿಯಲಿಲ್ಲ. ಅಷ್ಟರಲ್ಲಿ ಹೆನ್ರಿಯ ಬಸ್ಸು ಬಂತು. ಭಾವ ಓಡಿಹೋಗಿ ಕೇಳಿದ. ಹೆನ್ರಿಗೆ ಸುಳ್ಳು ಹೇಳುವುದಕ್ಕೆ ನಾನು ಹೇಳಿಕೊಟ್ಟಿರಲಿಲ್ಲ, ಅದೊಂದು ಮರೆತಿತ್ತು.

"ಎಂತ ಮಾರಾಯ್ರೆ, ಬೆಳಿಗ್ಗೆಯೇ ನಿಮ್ಮ ಭಾವನ ಕೈಯಲ್ಲಿ ಕೊಟ್ಟಿದ್ದೇನಲ್ಲ!"

ಭಾವ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಇಡ್ಲಿ ಪಾತ್ರೆಗಳ ಹಿಂದಿನಿಂದ ನಾನು ಡಬ್ಬಿ ತೆಗೆದುಕೊಟ್ಟಾಗ ಅವನ ಮುಖ ಅರಳಿದ್ದನ್ನು ನೋಡಿ ನನಗೇ ನಾಚಿಕೆಯಾಯಿತು. ನನ್ನ ಬೋರ್ಡಿನ ಮೇಲೆಯೇ ಉತ್ತರ ಯೋಚಿಸಿ, ಬರೆದು, ಡಬ್ಬಿ ಮುಚ್ಚಿ ಹೆನ್ರಿಯ ಕೈಯಲ್ಲಿಟ್ಟ. ಮುಂದಿನ ಉತ್ತರ ಬರುವವರೆಗೂ ಇಲ್ಲೇ ಇರುತ್ತೇನೆ ಎಂದು ಕುಳಿತ. ಅಂದರೆ ಬೇರು ಕಡಿದದ್ದರಿಂದ ಆದ ಲಾಭ ಇಷ್ಟು: ಮೊದಲು ಅರ್ಧ ದಿನ ಹಾಳಾಗುತ್ತಿದ್ದವನದು ಈಗ ಪೂರ್ತಿ ದಿನ ಹಾಳಾಯಿತು.

ಮಾಲು ಸರಿ ಇಲ್ಲದಿದ್ದರೆ ಕಂಡಕ್ಟರ್ ಹತ್ತಿರ ಚರ್ಚೆ ಮಾಡಬಾರದು, ಕಳಿಸಿದವನ ಹತ್ತಿರ ಹೋಗಬೇಕು. ಮರುದಿನ ಅಂಗಡಿಯ ಬಾಗಿಲು ಎಳೆದು ಹೆನ್ರಿಯ ಬಸ್ಸು ಹತ್ತಿದೆ. ರಾಯರ ಹತ್ತಿರ ಹೇಗೆ ಮಾತು ತೆಗೆಯಬೇಕು ಎಂದು ದಾರಿಯುದ್ದಕ್ಕೂ ಹೊಂದಿಸಿಕೊಂಡೆ. ಮೊದಲು ಹೊಗಳುವುದು, ಆಮೇಲೆ ನೀರು ಕೇಳುವುದು, ಆಮೇಲೆ ತಂಗಿಯ ಕಷ್ಟ. ಕಾರ್ಕಳದಲ್ಲಿ ಇಳಿದಾಗ ಹೆನ್ರಿ ಡಬ್ಬಿ ಹಿಡಿದು ನೇರ ಒಂದು ಹೋಟೆಲಿಗೆ ಹೋದ. ನಾನೂ ಹಿಂದೆಯೇ ಹೋದೆ. ಗಲ್ಲಾಪೆಟ್ಟಿಗೆಯ ಮೇಜಿನ ಒಂದು ಕೊನೆಯಲ್ಲಿ, ಚಟ್ನಿಯ ಪಾತ್ರೆಯ ಪಕ್ಕ, ಬೋರ್ಡು ಇತ್ತು. ಹೋಟೆಲಿನ ಯಜಮಾನರು, ದಪ್ಪ ಕನ್ನಡಕದ ಪೈಗಳು, ಡಬ್ಬಿ ಬಿಚ್ಚಿ ಚೀಟಿ ಓದಿ ಗೊಣಗಿದರು.

ರಾಯರು ಎಲ್ಲಿ ಎಂದು ಕೇಳಿದೆ. ಪೈಗಳು ಕನ್ನಡಕದ ಮೇಲಿನಿಂದ ನೋಡಿದರು. ರಾಯರಿಗೆ ಘಟ್ಟದ ಮೇಲಕ್ಕೆ ವರ್ಗವಾಗಿ ಎರಡು ಮಳೆಗಾಲ ಕಳೆದಿತ್ತಂತೆ. ಹೋಗುವಾಗ ಆಟ ಅರ್ಧದಲ್ಲಿದೆ, ನೋಡಿಕೊಳ್ಳಿ ಎಂದು ಬೋರ್ಡನ್ನು ಹೋಟೆಲಿನಲ್ಲಿ ಬಿಟ್ಟು ಹೋಗಿದ್ದರು. ಕಾಪುವಿಗೆ ತಿಳಿಸುವುದು ಅವರಿಗೂ ಮರೆತಿತ್ತು, ಇವರಿಗೂ ಹೊಳೆದಿರಲಿಲ್ಲ, ಹೆನ್ರಿಯನ್ನು ನಾವು ಕೇಳಿರಲಿಲ್ಲ. ಚೀಟಿಯಲ್ಲಿ ನಾಲ್ಕು ಶಬ್ದಕ್ಕಿಂತ ಹೆಚ್ಚು ಇರುತ್ತಿರಲಿಲ್ಲ, ಅಕ್ಷರ ಬದಲಾದದ್ದನ್ನು ನಾವಿಬ್ಬರೂ ಗಮನಿಸಿರಲಿಲ್ಲ. ಬೆಳಿಗ್ಗೆ ಇಡ್ಲಿಯ ಗಡಿಬಿಡಿಯ ನಡುವೆ ಪೈಗಳು ಒಂದು ಕಾಯಿ ನಡೆಸುತ್ತಾರೆ. ಮಧ್ಯಾಹ್ನ ಊಟಕ್ಕೆ ಬರುವ ಆಸ್ಪತ್ರೆಯ ಕಂಪೌಂಡರ್ ಒಂದು. ಸಂಜೆ ಶಾಲೆ ಬಿಟ್ಟ ಮೇಲೆ ಡ್ರಾಯಿಂಗ್ ಮಾಸ್ತರರು ಒಂದು. ಬಂದರು, ನಡೆಸಿದರು, ಹೋದರು. ಅವರಲ್ಲಿ ಯಾರ ಕೆಲಸವೂ ಒಂದು ಗಳಿಗೆ ನಿಂತಿರಲಿಲ್ಲ.

ನಾನು ಬೆಂಚಿನ ಮೇಲೆ ಕುಳಿತುಬಿಟ್ಟೆ. ಸಿಟ್ಟಿನ ರಾಯರು, ತಣ್ಣಗಿನ ರಾಯರು, ಕುತಂತ್ರಿ ರಾಯರು ಮೂವರೂ ಅವತ್ತು ಅರ್ಥವಾದರು. ದಣಿಯದ ಒಬ್ಬ ಎದುರಾಳಿ ಇದ್ದಾನೆ ಎಂದು ನಮ್ಮವನು ಮೆಷಿನ್ನು ಬಿಟ್ಟು ಕೂತಿದ್ದ. ಆಚೆ ಬದಿ ದಣಿಯದೆ ಇದ್ದದ್ದು ಅಲ್ಲಿದ್ದದ್ದು ಒಬ್ಬನೇ ಮನುಷ್ಯ ಅಲ್ಲದ ಕಾರಣಕ್ಕೆ. ಒಬ್ಬ ಎದ್ದರೆ ಇನ್ನೊಬ್ಬ ಕೂರುತ್ತಾನೆ, ಕುರ್ಚಿ ಮಾತ್ರ ಯಾವಾಗಲೂ ಬಿಸಿ. ಈಚೆ ಬದಿಯಲ್ಲಿ ಕೂತ ಒಬ್ಬನೇ ಒಬ್ಬ ಅದರ ಜೊತೆ ಓಡುತ್ತಾನೆ. ಶ್ರಾವ್ಯಳ ಮೊಬೈಲಿನ ಕೋಟೆಯೂ ಹಾಗೆಯೇ ಇರಬೇಕು. ಯಾವ ಹೊತ್ತಿಗೆ ತೆರೆದರೂ ಅಲ್ಲಿ ಯಾರೋ ಎಚ್ಚರ ಇರುತ್ತಾರೆ. ಅವರೆಲ್ಲ ಯಾವಾಗ ಉಣ್ಣುತ್ತಾರೆ, ಯಾವಾಗ ಮಲಗುತ್ತಾರೆ ಎಂದು ಮಕ್ಕಳು ಯೋಚಿಸುವುದಿಲ್ಲ.

ಚೌಕಾಸಿ ಶುರುವಾಯಿತು. ನೀರು ಕೇಳಿದೆ. ಶಾಲೆ ತೆರೆಯುವವರೆಗೆ ಆಟ ನಿಲ್ಲಿಸಿ ಎಂದೆ. ಪೈಗಳು ಒಳ್ಳೆಯ ಮನುಷ್ಯ, ಸಮವಸ್ತ್ರದ ಕಥೆ ಕೇಳಿ ಬೇಸರ ಪಟ್ಟರು, ನಿಲ್ಲಿಸಬಹುದು ಎಂದರು. ಆದರೆ ಅವರ ಮುಖದಲ್ಲಿ ಏನೋ ಸಂಕಟ.

"ನಿಲ್ಲಿಸುವುದೆಲ್ಲ ಸರಿ. ಆದರೆ ಡಬ್ಬಿ ಬಂದಿದೆಯಲ್ಲ," ಎಂದರು. "ಖಾಲಿ ಕಳಿಸುವುದು ಹೇಗೆ?"

ಅದೇ ಪ್ರಶ್ನೆ, ಕಾರ್ಕಳದಲ್ಲಿಯೂ. ನನ್ನ ಡಬ್ಬಿ ಎರಡು ಊರನ್ನೂ ಕಟ್ಟಿಹಾಕಿತ್ತು. ನಾನು ಅದನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದೆ. ಗಲ್ಲಾಪೆಟ್ಟಿಗೆಯ ಆಚೆ ಬದಿಯಲ್ಲಿ, ಕಷಾಯದ ಜೊತೆ ಕೊಡುವುದಕ್ಕೆಂದು ಒಡೆದಿಟ್ಟ ಬೆಲ್ಲದ ತಟ್ಟೆ ಇತ್ತು. ಬೆಂಕಿಪೊಟ್ಟಣ ಕಳಿಸಿದ ಅಮ್ಮ ನೆನಪಾದಳು. ಒಂದು ಚೂರು ಬೆಲ್ಲ ತೆಗೆದು ಡಬ್ಬಿಯಲ್ಲಿ ಹಾಕಿ ಮುಚ್ಚಳ ಒತ್ತಿದೆ. ಟಕ್ಕೆಂದಿತು.

ಪೈಗಳು ಡಬ್ಬಿ ನೋಡಿದರು, ನನ್ನನ್ನು ನೋಡಿದರು, ನಕ್ಕರು. ಡ್ರಾಯಿಂಗ್ ಮಾಸ್ತರರನ್ನು ಒಪ್ಪಿಸುವುದು ಕಷ್ಟ, ಅವರು ಇನ್ನೇನು ಗೆಲ್ಲುವುದರಲ್ಲಿದ್ದಾರೆ ಎಂದರು. ಗೆಲುವು ಎಲ್ಲಿಗೂ ಓಡುವುದಿಲ್ಲ, ಬೋರ್ಡು ಚಟ್ನಿಯಿಂದ ಸ್ವಲ್ಪ ದೂರ ಇಡಿ ಎಂದೆ. ಮಾತು ಹೀಗಾಯಿತು: ಬೆಲ್ಲ ಬಂದರೆ ಇವತ್ತು ಕೆಲಸ ಉಂಟು ಎಂದರ್ಥ. ಯಾರೂ ಯಾರನ್ನೂ ತಪ್ಪು ತಿಳಿಯುವ ಹಾಗಿಲ್ಲ. ಆಟ ಇದ್ದಲ್ಲೇ ಇರುತ್ತದೆ.

ಅಲ್ಲಿಂದ ನೇರ ಕಾಪುವಿಗೆ ಹೋದೆ. ಕಡಲಬದಿಯ ದೀಪಸ್ತಂಭದ ಕಡೆಯಿಂದ ಸಂಜೆಯ ಗಾಳಿ ಶುರುವಾಗಿತ್ತು. ಭಾವ ಅಂಗಡಿಯ ಮೆಟ್ಟಿಲ ಮೇಲೆಯೇ ನಿಂತಿದ್ದ. ಡಬ್ಬಿ ಕೈಗೆ ಕೊಟ್ಟೆ. ಬಿಚ್ಚಿದ, ಬೆಲ್ಲ ಕಂಡ, ಚೀಟಿಗಾಗಿ ಅಡಿಯಲ್ಲಿ ಬೆರಳು ಆಡಿಸಿದ. ಜಲಜ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಳು.

ನಿಜ ಹೇಳಬೇಕೋ ಬೇಡವೋ ಎಂದು ಬಸ್ಸಿನಲ್ಲಿ ಎಷ್ಟೋ ಯೋಚಿಸಿದ್ದೆ. ಮಾಲಿನ ದೋಷ ಮುಚ್ಚಿಟ್ಟು ಮಾರಿದರೆ ಅದು ತಿರುಗಿ ಬಂದೇ ಬರುತ್ತದೆ. ಹೇಳಿಬಿಟ್ಟೆ. ರಾಯರು ಹೋಗಿ ಎರಡು ಮಳೆಗಾಲವಾಯಿತು, ಆಡುತ್ತಿರುವುದು ಮೂವರು, ಬೆಳಿಗ್ಗೆ ಒಬ್ಬರು, ಮಧ್ಯಾಹ್ನ ಒಬ್ಬರು, ಸಂಜೆ ಒಬ್ಬರು.

ಭಾವ ಬೋರ್ಡಿನ ಮೇಲೆ ಬಗ್ಗಿ ರಾಯರು ಬರೆದ ಪೆನ್ಸಿಲ್ ನಂಬರುಗಳನ್ನು ನೋಡಿದ.

"ಹಾಗಾದರೆ ನನಗೆ ಕಾಯುತ್ತಿದ್ದದ್ದು ಯಾರು ಭಾವ?"

"ಯಾರೂ ಅಲ್ಲ. ಊಟಕ್ಕೆ ಬಂದವರು."

ಅವನ ಮುಖ ಇಳಿಯುತ್ತದೆ ಎಂದು ನಾನು ಹೆದರಿದ್ದೆ. ಜಲಜಳೂ ಹೆದರಿದ್ದಳು. ಅವನು ಕುತ್ತಿಗೆಯ ಟೇಪನ್ನು ತೆಗೆದು ಕೈಗೆ ಸುತ್ತಿಕೊಳ್ಳುತ್ತ ಸುತ್ತಿಕೊಳ್ಳುತ್ತ ನಿಧಾನವಾಗಿ ನಗತೊಡಗಿದ.

"ಮೂವರಾ? ಮೂವರ ಎದುರು ನಾನೊಬ್ಬ ಇಷ್ಟು ಕಾಲ ನಿಂತೆನಾ? ಕೇಳಿತಾ ಜಲಜ?"

"ಕೇಳಿತು," ಎಂದಳು ನನ್ನ ತಂಗಿ. "ಮುನ್ನೂರು ಮಕ್ಕಳ ಎದುರು ಹೇಗೆ ನಿಲ್ಲುತ್ತೀರಿ, ಅದನ್ನು ಹೇಳಿ."

ಭಾವ ಬೆಲ್ಲವನ್ನು ಮುರಿದು ಅರ್ಧ ಮಗುವಿನ ಬಾಯಿಗಿಟ್ಟ, ಅರ್ಧ ತಾನು ತಿಂದ. ಆಮೇಲೆ ಬೋರ್ಡಿನ ಒಂದು ಬದಿಯನ್ನು ಅವನು, ಇನ್ನೊಂದು ಬದಿಯನ್ನು ನಾನು ಹಿಡಿದು, ತುಂಬಿದ ಕೊಡದ ಹಾಗೆ ಅಲುಗಿಸದೆ ಎತ್ತಿ ಕಪಾಟಿನ ಮೇಲಿಟ್ಟೆವು. ಒಂದೇ ಒಂದು ಕಾಲಾಳು ಉರುಳಿತು. ಅದು ಎಲ್ಲಿತ್ತು ಎಂದು ಇಬ್ಬರಿಗೂ ಬಾಯಿಪಾಠ ಬರುತ್ತಿತ್ತು. ಜಲಜ ಆಗಲೇ ಮೇಜು ಒರೆಸಿ ನೀಲಿ ಬಟ್ಟೆ ಹರಡಿದ್ದಳು. ಸೀಮೆಸುಣ್ಣ ಬಟ್ಟೆಯ ಮೇಲೆ ಎಳೆದ ಸದ್ದು ನನಗೆ ಹೊಸ ಪಾತ್ರೆಯ ಸದ್ದಿಗಿಂತ ಹಿತವಾಗಿ ಕೇಳಿತು.

ಆಮೇಲಿನ ದಿನಗಳಲ್ಲಿ ಡಬ್ಬಿ ಮೊದಲಿನ ಹಾಗೆಯೇ ದೇವರ ಪಟದ ಕೆಳಗೆ ಕುಳಿತು ತಿರುಗಾಡಿತು. ಕಾರ್ಕಳದಿಂದ ಬೆಲ್ಲ, ಕಾಪುವಿನಿಂದ ಬೆಲ್ಲ. ನಡುವೆ ಅಂಗಡಿಯಲ್ಲಿ ಬಿಚ್ಚಿ ನೋಡುವ ಅಭ್ಯಾಸ ನನಗೆ ಬಿಟ್ಟಿರಲಿಲ್ಲ, ಹಾಗಾಗಿ ಬೆಲ್ಲ ದಾರಿಯಲ್ಲಿ ಸ್ವಲ್ಪ ಸಣ್ಣದಾಗುತ್ತಿತ್ತು. ಒಮ್ಮೆ ಡ್ರಾಯಿಂಗ್ ಮಾಸ್ತರರು ತಡೆಯಲಾರದೆ ಬೆಲ್ಲದ ಜೊತೆ ಒಂದು ಚೀಟಿ ಹಾಕಿದ್ದರು. ಅದನ್ನು ನಾನು ತೆಗೆದಿಟ್ಟುಕೊಂಡು ಬೆಲ್ಲ ಮಾತ್ರ ಕಳಿಸಿದೆ. ಈ ಸಲ ಭಾವ ಉಡುಪಿಗೆ ಓಡಿ ಬರಲಿಲ್ಲ. ಡಬ್ಬಿ ಬಂದಿತ್ತು, ಖಾಲಿ ಇರಲಿಲ್ಲ, ಯಾರೂ ಅವನನ್ನು ಮರೆತಿರಲಿಲ್ಲ. ಅಷ್ಟು ಸಾಕಿತ್ತು ಅವನಿಗೆ.

ಶಾಲೆ ತೆರೆಯುವ ದಿನ ಮಳೆ. ಕಾಪುವಿನಿಂದ ಬಂದ ಮೊದಲ ಬಸ್ಸಿನ ಕಂಡಕ್ಟರ್ ಡಬ್ಬಿ ಕೊಟ್ಟು, ಇದು ಕಾರ್ಕಳಕ್ಕಲ್ಲ, ನಿಮಗೆ ಎಂದ. ಬಿಚ್ಚಿದೆ. ಒಳಗೆ ಅಂಗಿಯ ಒಂದು ಬಿಳಿ ಗುಂಡಿ. ಚೀಟಿ ಇಲ್ಲ, ಬೇಕಾಗಿಯೂ ಇರಲಿಲ್ಲ. ಕೊನೆಯ ಅಂಗಿಗೂ ಗುಂಡಿ ಬಿದ್ದು, ಒಂದು ಉಳಿದಿತ್ತು. ಕಳಿಸಿದ್ದು ಜಲಜ ಎಂದು ಗುಂಡಿಯ ತೂತಿನಲ್ಲಿ ಪೋಣಿಸಿ, ತುದಿ ಹಲ್ಲಿನಿಂದ ಕಡಿದಿದ್ದ ನೀಲಿ ನೂಲಿನಿಂದ ಗೊತ್ತಾಯಿತು. ಹಾಗೆ ಕಡಿಯುವುದು ಅವಳಿಗೆ ಚೆನ್ನೆಮಣೆ ಕಾಲದಿಂದಲೂ ಅಭ್ಯಾಸ.

ಡಬ್ಬಿ ಖಾಲಿ ಕಳಿಸಬಾರದಲ್ಲ. ನಾನು ಎತ್ತಿಟ್ಟುಕೊಂಡಿದ್ದ ಡ್ರಾಯಿಂಗ್ ಮಾಸ್ತರರ ಚೀಟಿಯನ್ನು ಹಾಕಿ ಅದೇ ಬಸ್ಸಿನಲ್ಲಿ ಕಾಪುವಿಗೆ ಕಳಿಸಿದೆ. ಆಟ ಮತ್ತೆ ನಡೆಯಿತು, ಆದರೆ ಕೊನೆಯ ಬಸ್ಸಿಗೆ ಮಾತ್ರ, ಮತ್ತು ಬೋರ್ಡು ಕಪಾಟಿನ ಮೇಲೆ. ಆ ವರ್ಷದ ಆಟಿಯಲ್ಲಿ ಭಾವ ಸೋತ. ಮೂವರಿಗೆ ಒಬ್ಬ ಸೋತದ್ದನ್ನು ಸೋಲು ಎನ್ನುವುದಿಲ್ಲ ಎಂದು ಈಗಲೂ ವಾದ ಮಾಡುತ್ತಾನೆ.

ಇದನ್ನೆಲ್ಲ ಮೊನ್ನೆ ಶ್ರಾವ್ಯಳಿಗೆ, ಅವಳ ಕೋಟೆ ಬಿದ್ದ ಮೇಲೆ, ಆರಿದ ಸಾರಿನ ಎದುರು ಕುಳಿತು ಹೇಳಿದೆ. ಮೊಬೈಲು ಕಿತ್ತುಕೊಳ್ಳುವುದಿಲ್ಲ ಎಂದೆ. ಆಡಬೇಡ ಎನ್ನುವುದಿಲ್ಲ ಎಂದೆ. ನಿನ್ನ ಮೊಬೈಲು ಡಬ್ಬಿಗೆ ಕಿವಿಯೂ ಉಂಟು, ಬಾಯಿಯೂ ಉಂಟು, ನಮ್ಮದಕ್ಕೆ ಇರಲಿಲ್ಲ. ಏಳುವಾಗ ಹೇಳಿ ಏಳು ಎಂದೆ. ಅವಳು ಕೇಳಿಯೂ ಕೇಳದ ಹಾಗೆ ಬೆರಳು ನೆಕ್ಕಿ ಎದ್ದು ಹೋದಳು. ಉಪದೇಶ ಮಾಡುವವರಿಗೆ ಸಿಗುವ ಸಂಬಳ ಇಷ್ಟೇ, ಬೇಸರ ಮಾಡಿಕೊಳ್ಳಬಾರದು.

ನಿನ್ನೆ ಸೊಸೆ ಬಟ್ಟಲಿಟ್ಟು ಕರೆದಳು. ಕೋಣೆಯಿಂದ ಶ್ರಾವ್ಯಳ ಸ್ವರ ಕೇಳಿತು, ನಮಗಲ್ಲ, ಆಚೆಯವರಿಗೆ. "ನಂದು ಬೆಲ್ಲ ಮಾರಾಯ್ರೆ," ಎಂದಳು. ಸ್ವಲ್ಪ ಹೊತ್ತಿಗೆ ಹೊರಗೆ ಬಂದು ಬಟ್ಟಲಿನ ಎದುರು ಕುಳಿತಳು. ಅವರು ಏನೆಂದರು ಎಂದು ಕೇಳಿದೆ.

"ನಿಮ್ಮ ಬೆಲ್ಲದ ಕಥೆ ಅವರಿಗೂ ಹೇಳಿದ್ದೆ. ಹೆಬ್ರಿಯವಳೂ ಬೆಲ್ಲ ಅಂದಳು ಅಜ್ಜ," ಎಂದಳು. "ಅವಳಿಗೂ ಹಸಿವಾಗಿತ್ತಂತೆ. ನಾನು ಎದ್ದ ಮೇಲೆ ಏಳುವ ಎಂದು ಕಾಯ್ತಾ ಇದ್ದಳಂತೆ."